ಸಾವಿನ ಕಾಗದದ ಕೆಳಗಿನ ಸಾಲು

ಮಾನ್ಯ ಸಂಪಾದಕರೇ,

ಕಳೆದ ವಾರದ ಓದುಗರ ಅಂಕಣದಲ್ಲಿ ಒಬ್ಬರು, ‘ನಮ್ಮ ಊರಿನ ಸಾವಿನ ಲೆಕ್ಕ ಜಿನೀವಾದಲ್ಲಿ ಕೂತವರಿಗೆ ಯಾಕೆ?’ ಎಂದು ಕೇಳಿದ್ದರು. ಸಿಟ್ಟಿನಲ್ಲಿ ಕೇಳಿದ ಪ್ರಶ್ನೆ, ಆದರೂ ಕೇಳಬೇಕಾದದ್ದೇ. ಮುಂಬಯಿಯ ಮುನ್ಸಿಪಾಲಿಟಿ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು ನಾನು. ಆ ಲೆಕ್ಕ ಹುಟ್ಟುವ ಮೇಜಿನ ಹಿಂದೆ ಕೂತಿದ್ದವಳು ಸುಮ್ಮನಿರಬಾರದು ಅನ್ನಿಸಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಡಾಕ್ಟರು ನಾಲ್ಕನೇ ನಂಬರಿನ ಫಾರ್ಮು ತುಂಬಬೇಕು. ಅದರಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಮೇಲಿನ ಸಾಲಿನಲ್ಲಿ ಕೊನೆಗೆ ಜೀವ ತೆಗೆದದ್ದು, ಅದರ ಕೆಳಗೆ ಅದನ್ನು ತಂದದ್ದು, ಎಲ್ಲಕ್ಕಿಂತ ಕೆಳಗೆ ಇದೆಲ್ಲ ಶುರುವಾದ ಮೂಲ ರೋಗ. ದೇಶದ ಲೆಕ್ಕಕ್ಕೆ ಹೋಗುವುದು ಆ ಮೂಲ ರೋಗ, ಅದಕ್ಕೊಂದು ಕೋಡ್. ಟೈಪ್ 2 ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದ್ದರೆ ಇ 11.2. ಫ್ರಾನ್ಸಿನ ಜಾಕ್ ಬೆರ್ಟಿಲ್ಯೊ 1893ರಲ್ಲಿ ಮಂಡಿಸಿದ ಸಾವಿನ ಕಾರಣಗಳ ಪಟ್ಟಿ ಬೆಳೆಯುತ್ತಾ ಬಂದು ಈಗ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿದೆ. ಪರೇಲ್‌ನಲ್ಲಿ ನಾವು ಬರೆದ ಕೋಡ್ ನೈರೋಬಿಯಲ್ಲೂ ಅದೇ ಕಾಯಿಲೆಯನ್ನೇ ಹೇಳುತ್ತದೆ. ನಮ್ಮಲ್ಲಿ ಒಂದು ರೋಗ ಹೆಚ್ಚೋ ಕಡಿಮೆಯೋ, ಬೇರೆ ದೇಶ ಅದನ್ನು ಹೇಗೆ ಇಳಿಸಿತು ಎಂದು ಹೋಲಿಸಿ ನೋಡಲು ಬೇರೆ ದಾರಿ ಎಲ್ಲಿದೆ?

ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾದ ಹುಡುಗ ಡಾಕ್ಟರುಗಳು ಫಾರ್ಮಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದಷ್ಟೇ ಗೀಚಿ ಕಳಿಸುತ್ತಿದ್ದರು. ನಾನು ಅದನ್ನು ಹಿಡಿದುಕೊಂಡು ವಾರ್ಡಿಗೆ ಹೋಗುತ್ತಿದ್ದೆ. ‘ಡಾಕ್ಟರೇ, ಸಾಯುವವರೆಲ್ಲರ ಎದೆಬಡಿತವೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಯಾತಕ್ಕೆ ನಿಂತಿತು ಅದನ್ನು ಬರೆಯಿರಿ’ ಎನ್ನುತ್ತಿದ್ದೆ. ಕೆಲವರು ಗೊಣಗುತ್ತಿದ್ದರು. ಹೆಚ್ಚಿನವರು ಕೇಸ್ ಪೇಪರ್ ತರಿಸಿ, ಕೂತು ಓದಿ, ಕೆಳಗಿನ ಸಾಲು ತುಂಬಿ ಕೊಡುತ್ತಿದ್ದರು. ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

2021ರ ಏಪ್ರಿಲ್‌ನಲ್ಲಿ ನಮ್ಮ ಯಜಮಾನರು ಹೋದರು. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಜೀವನ ಕಳೆದವರು. ಸಕ್ಕರೆ ಕಾಯಿಲೆ ಹಳೆಯದು, ಕಿಡ್ನಿ ಕೆಟ್ಟು ಎರಡು ವರ್ಷದಿಂದ ಡಯಾಲಿಸಿಸ್ ಮೇಲಿದ್ದರು. ಜ್ವರ ಬಂತು, ಉಸಿರು ಕಟ್ಟಿತು, ಸಿಟಿ ಸ್ಕ್ಯಾನ್ ನೋಡಿದವರು ಕೊರೊನಾ ಎಂದೇ ಹೇಳಿದರು. ಗಂಟಲ ದ್ರವದ ರಿಪೋರ್ಟು ಬರುವ ಮೊದಲೇ, ಮೂರನೇ ರಾತ್ರಿ, ನರ್ಸಿಂಗ್ ಹೋಮ್ ಒಂದರಲ್ಲಿ ಕೊನೆಯುಸಿರೆಳೆದರು. ಸ್ಮಶಾನಕ್ಕೆಂದು ಕೈಗಿತ್ತ ಕಾಗದದ ಮೇಲಿನ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’, ಕೆಳಗಿನೆರಡು ಸಾಲು ಖಾಲಿ. ಮೂವತ್ತೊಂದು ವರ್ಷ ಊರವರ ಫಾರ್ಮು ವಾಪಸ್ ಕಳಿಸಿದವಳಿಗೆ ಆ ರಾತ್ರಿ ಬಾಯಿ ಬರಲಿಲ್ಲ. ಉತ್ತರಕ್ರಿಯೆ ಮುಗಿಸಿ ನರ್ಸಿಂಗ್ ಹೋಮಿಗೆ ಹೋಗಿ ಕೇಳಿದೆ. ‘ಹೋದವರು ಹೋದರು, ಬರೆದದ್ದು ಬದಲಿಸಿದರೆ ನಿಮಗೇನು ಸಿಗುತ್ತದೆ?’ ಅಂದರು. ಕೊರೊನಾದಿಂದ ಸತ್ತವರ ಮನೆಯವರಿಗೆ 50,000 ರೂಪಾಯಿ ಪರಿಹಾರದ ಮಾತು ಆಗ ಇನ್ನೂ ಬಂದೇ ಇರಲಿಲ್ಲ, ನಾನು ಕೇಳಿದ್ದು ಅದಕ್ಕಲ್ಲ. ರಿಪೋರ್ಟು ಬಾರದೆ ಲಕ್ಷಣದಿಂದಲೇ ಕೊರೊನಾ ಎಂದು ಗುರುತಿಸಿದ ಕೇಸುಗಳಿಗಾಗಿಯೇ ಯು 07.2 ಎಂಬ ಕೋಡನ್ನು 2020ರಲ್ಲೇ ಮಾಡಿದ್ದರು. ನಾನು ನಿವೃತ್ತಳಾದ ಮೇಲೆ ಬಂದದ್ದು, ಹಳೆಯ ಸಹೋದ್ಯೋಗಿಯೊಬ್ಬಳು ತಿಳಿಸಿದಳು. ಅವರ ಕಾಗದದಲ್ಲಿ ಬರಬೇಕಾಗಿದ್ದದ್ದು ಅದು, ಜೊತೆಗೆ ಸಕ್ಕರೆ ಕಾಯಿಲೆ, ಕಿಡ್ನಿ. ಮೂರರಲ್ಲಿ ಒಂದೂ ಬರಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಮಾಮೂಲಿ ವರ್ಷಗಳಲ್ಲಿ ಆಗುವುದಕ್ಕಿಂತ ಹೆಚ್ಚಿನ ಸಾವು, ಆಗಿದೆ ಎಂದು ಅಂದಾಜು ಕೊಟ್ಟಿತು. ಆ ಎರಡು ವರ್ಷಕ್ಕೆ ನಮ್ಮ ಸರ್ಕಾರಿ ಕೊರೊನಾ ಲೆಕ್ಕ ಸುಮಾರು 4.8 ಲಕ್ಷ. ಅಂದಾಜಿನ ವಿಧಾನವೇ ಸರಿಯಿಲ್ಲವೆಂದು ಸರ್ಕಾರ ಆಕ್ಷೇಪಿಸಿತು. ಸಂಸ್ಥೆಯವರು ನೆಚ್ಚಿಕೊಂಡದ್ದು 17 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಅಂಕಿಗಳನ್ನು, ಇಡೀ ದೇಶದ್ದಲ್ಲ ಎಂಬುದು ನಿಜ. ಆದರೆ ಇಡೀ ದೇಶದ್ದನ್ನು ನಾವು ಯಾವಾಗ ಕೊಟ್ಟೆವು? 2021ರ ಮರಣ ನೋಂದಣಿ ವರದಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ. 2020ರಲ್ಲಿ 81 ಲಕ್ಷವಿದ್ದ ನೋಂದಾಯಿತ ಸಾವು 2021ರಲ್ಲಿ 1.02 ಕೋಟಿ. ಎಲ್ಲವೂ ಕೊರೊನಾ ಎಂದು ನಾನು ಹೇಳುವುದಿಲ್ಲ, ನೋಂದಣಿ ಸುಧಾರಿಸಿದ್ದರ ಪಾಲೂ ಅದರಲ್ಲಿರುತ್ತದೆ. ಆ ಅಂಕಿ ಹೊರಗೆ ಬಾರದಿದ್ದಾಗ ಬೇರೆಯವರು ಅಂದಾಜು ಮಾಡದೆ ಇನ್ನೇನು ಮಾಡಬೇಕಿತ್ತು?

ಮತ್ತೆ ಈ ‘ಹೆಚ್ಚುವರಿ ಸಾವಿನ’ ಲೆಕ್ಕ ಜಿನೀವಾದವರು ಹೊಸದಾಗಿ ಹುಟ್ಟಿಸಿದ್ದಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಡಾ. ಅಕಾಸಿಯೊ ವಿಯೆಗಸ್ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗನ್ನು ಗುರುತಿಸಿದರು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು, ಪ್ಲೇಗಿನ ಸಾವುಗಳು ಬೇರೆ ಜ್ವರಗಳ ಹೆಸರಿನಲ್ಲಿ ದಾಖಲಾದವು. ಆಗ ಹಿಂದಿನ ವರ್ಷಗಳ ಸರಾಸರಿಯನ್ನು ಪಕ್ಕದಲ್ಲಿಟ್ಟು, ಸಾವು ಎಷ್ಟು ಏರಿದೆ ನೋಡಿ, ಮರೆಯಾದ ಪ್ಲೇಗನ್ನು ಅಳೆದವರು ಇದೇ ಮುಂಬಯಿಯವರು. 1897ರಲ್ಲಿ ವೆನಿಸ್‌ನಲ್ಲಿ ಹಲವು ದೇಶಗಳು ಕೂತು ಪ್ಲೇಗಿನ ಸುದ್ದಿ ತಿಳಿಸುವ, ಹಡಗು ತಪಾಸಣೆ ಮಾಡುವ ನಿಯಮ ಮಾಡಿದವು. ನಮ್ಮ ಬಂದರಿನ ಸಾವು ಆಗಲೇ ಲೋಕದ ವಿಷಯವಾಗಿತ್ತು.

ಇದರಿಂದ ಬಡವರಿಗೇನು ಎನ್ನುವವರಿಗೆ ಡಯಾಲಿಸಿಸ್ ಕೋಣೆಯನ್ನು ನೆನಪಿಸುತ್ತೇನೆ. ಯಜಮಾನರನ್ನು ಕರೆದುಕೊಂಡು ವಾರಕ್ಕೆ ಮೂರು ದಿನ ಲೋಕಲ್ ಹತ್ತಿ ಇಳಿದಿದ್ದೇನೆ. ಯಾವ ಊರಿಗೆ ಎಷ್ಟು ಯಂತ್ರ ಬೇಕು ಎಂದು ತೀರ್ಮಾನಿಸುವವರ ಮುಂದೆ ಕಿಡ್ನಿಯಿಂದ ಸತ್ತವರ ಸಂಖ್ಯೆಯೇ ಇರದಿದ್ದರೆ ಯಂತ್ರ ಯಾರು ಕೊಡುತ್ತಾರೆ? 2020ರಲ್ಲಿ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ. 22.5ಕ್ಕೆ ಮಾತ್ರ. ಉಳಿದದ್ದಕ್ಕೆ ಮನೆಮನೆ ಸಮೀಕ್ಷೆಯೇ ಆಧಾರ. ಸಾವಿಗೆ ಮಾತ್ರವಲ್ಲ, ಕಾಯಿಲೆಯ ಲೆಕ್ಕಕ್ಕೂ ಅದೇ. ನಮ್ಮ ದೇವನಾರ್‌ನ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹುಡುಗಿಯರು 2019-21ರಲ್ಲಿ ಸುಮಾರು 6.37 ಲಕ್ಷ ಮನೆಗಳ ಬಾಗಿಲು ತಟ್ಟಿ, ಬೆರಳು ಚುಚ್ಚಿ ರಕ್ತ ನೋಡಿದ್ದರಿಂದಲೇ 15ರಿಂದ 49 ವಯಸ್ಸಿನ ನಮ್ಮ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು ತಿಳಿಯಿತು. ಅದೇ ಮಾದರಿಯ ಸಮೀಕ್ಷೆಯನ್ನು 1984ರಿಂದ ಸುಮಾರು 90 ದೇಶಗಳಲ್ಲಿ ನಡೆಸಿದ ಕಾರ್ಯಕ್ರಮಕ್ಕೆ 2025ರ ಆರಂಭದಲ್ಲಿ ಅಮೆರಿಕ ಹಣ ನಿಲ್ಲಿಸಿತು. ಓದಿದ ದಿನ ಮನಸ್ಸಿಗೆ ಬಹಳ ಸಂಕಟವಾಯಿತು. ಪಕ್ಕದ ದೇಶದ ಲೆಕ್ಕ ನಿಂತರೆ ನಮ್ಮದನ್ನು ಯಾವುದರ ಜೊತೆ ಇಟ್ಟು ನೋಡುವುದು?

ಪತ್ರ ಬರೆದ ಓದುಗರಿಗೂ ನನ್ನ ಮುಂಬಯಿ ಕನ್ನಡಿಗರಿಗೂ ಒಂದು ವಿನಂತಿ. 2023ರ ಅಕ್ಟೋಬರ್ 1ರಿಂದ ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆ ಜಾರಿಯಲ್ಲಿದೆ. ಖಾಸಗಿ ಆಸ್ಪತ್ರೆಯಾದರೂ ಮರಣ ಕಾರಣದ ಪ್ರಮಾಣಪತ್ರ ನೀಡಲೇಬೇಕು, ಒಂದು ಪ್ರತಿ ಹತ್ತಿರದ ಸಂಬಂಧಿಕರಿಗೂ ಕೊಡಬೇಕು. ದುಃಖದ ಹೊತ್ತಿನಲ್ಲಿ ಅದನ್ನೆಲ್ಲ ಓದುವ ಮನಸ್ಸು ಮನೆಯವರಿಗೆ ಇರುವುದಿಲ್ಲ, ನನಗೇ ಇರಲಿಲ್ಲ. ಆದ್ದರಿಂದ ಜೊತೆಗೆ ಬಂದ ನೆಂಟರೋ ನೆರೆಯವರೋ ಓದಲಿ. ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗನ ಜೊತೆ ನಾನು ಹೋಗಿದ್ದೆ. ಕೆಳಗಿನ ಸಾಲು ಖಾಲಿ ಇತ್ತು. ಮೆಲ್ಲಗೆ ಕೇಳಿದೆ. ಡಾಕ್ಟರು ಮರುಮಾತಾಡದೆ ಫೈಲ್ ತೆರೆದು, ಹದಿನೈದು ವರ್ಷದ ರಕ್ತದೊತ್ತಡದಿಂದ ಮಿದುಳಿನ ರಕ್ತಸ್ರಾವದವರೆಗೆ ಕ್ರಮವಾಗಿ ಬರೆದು ಸಹಿ ಹಾಕಿದರು. ಐದು ನಿಮಿಷ ಹಿಡಿಯಿತು.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಇಲ್ಲಿನ ಕನ್ನಡ ಸಂಘದ ಕಚೇರಿಯಲ್ಲಿರುತ್ತೇನೆ. ಯಾರ ಮನೆಯಲ್ಲಾದರೂ ಇಂಥ ಕಾಗದವಿದ್ದು ಅದರಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾಗಿದ್ದರೆ ತನ್ನಿ, ಕೂತು ಓದಿ ಹೇಳುತ್ತೇನೆ.

ಇತಿ,
ನಿವೃತ್ತ ರೆಕಾರ್ಡ್ ಕ್ಲಾರ್ಕ್,
ಡೊಂಬಿವಲಿ ಪೂರ್ವ