ಆಟವಿಲ್ಲದ ಗುರುವಾರ

ನಲ್ಮೆಯ ಬಂಧುಗಳೇ,

ಈಸ್ಟರ್ ರಜೆಯಲ್ಲಿ, ಇಲ್ಲಿ ಇಂಗ್ಲೆಂಡಿನಲ್ಲಿ ಮಗ ಓದುವ ಶಾಲೆಯ ಕ್ರಿಕೆಟ್ ತಂಡದ ಜೊತೆ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ಗೆ ಹೋಗಿ ಬಂದೆ. ಹತ್ತು ದಿನ, ಐದು ಪಂದ್ಯ. ಹುಡುಗರನ್ನು ನೋಡಿಕೊಳ್ಳಲು ಪೋಷಕರಲ್ಲಿ ಮೂವರು ಬೇಕು ಅಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಗೆದ್ದದ್ದು ಎರಡು, ಸೋತದ್ದು ಮೂರು. ಅದರ ವಿವರವನ್ನು ಮಕ್ಕಳ ಪುಟದಲ್ಲಿ ಮಗನೇ ಬರೆದಿದ್ದಾನೆ. ನಾನು ಹೇಳಬೇಕೆಂದಿರುವುದು ನಡುವೆ ಸಿಕ್ಕ ಒಂದು ಬಿಡುವಿನ ದಿನದ ಬಗ್ಗೆ.

ಆ ಗುರುವಾರ ದೋಣಿಯಲ್ಲಿ ಹೋಗಿ ಕಾರ್ಲೈಲ್ ಕೊಲ್ಲಿಯಲ್ಲಿ ಕಡಲಾಮೆ ನೋಡುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಫೋನು ಬಂತು. ಗಾಳಿ ಜೋರಾಗಿದೆ, ದೋಣಿ ಹೊರಡುವುದಿಲ್ಲ. ಈಜುಡುಪು ಹಾಕಿಕೊಂಡು ನಿಂತಿದ್ದ ಹುಡುಗರ ಮುಖ ಸಪ್ಪಗಾಯಿತು. ನಮ್ಮ ಮಿನಿಬಸ್ಸಿನ ಚಾಲಕರು ಅರವತ್ತು ದಾಟಿದ ಹಿರಿಯರು, ಅಲ್ಲಿಯವರೆಗೆ ಹೆಚ್ಚು ಮಾತಾಡಿದವರಲ್ಲ. ಅವರು ಜೇಬಿನಿಂದ ಐದು ಡಾಲರಿನ ಹಸಿರು ನೋಟು ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. "ಇದರ ಮೇಲಿರುವವರು ಯಾರು? ಹೇಳಿದವರಿಗೆ ಈ ನೋಟು."

ನನ್ನ ಮಗ ಸೋಬರ್ಸ್ ಅಂದ. ಕೆನ್ಸಿಂಗ್ಟನ್ ಓವಲ್ ಮೈದಾನದ ಹೊರಗೆ, ಆ ಊರಿನವರೇ ಆದ ಹೆಸರಾಂತ ಕ್ರಿಕೆಟಿಗ ಸೋಬರ್ಸ್ ಪ್ರತಿಮೆಯ ಮುಂದೆ ಎಲ್ಲರೂ ಹಿಂದಿನ ದಿನವಷ್ಟೇ ಫೋಟೊ ತೆಗೆಸಿಕೊಂಡಿದ್ದರು. 2024ರ ಜೂನ್ 29ರಂದು ನಮ್ಮ ದ್ರಾವಿಡ್ ಕೋಚ್ ಆಗಿದ್ದ ತಂಡ ಟಿ20 ವಿಶ್ವಕಪ್ ಗೆದ್ದದ್ದು ಅದೇ ಮೈದಾನದಲ್ಲಿ. ಸೂರ್ಯಕುಮಾರ್ ಕ್ಯಾಚ್ ಹಿಡಿದದ್ದು ಯಾವ ತುದಿಯಲ್ಲಿ ಎಂದು ಹುಡುಗರು ಅರ್ಧ ಗಂಟೆ ವಾದ ಮಾಡಿದ್ದರು. ಚಾಲಕರು ತಲೆಯಾಡಿಸಿದರು. ಸೋಬರ್ಸ್ ಅಲ್ಲ, ಫ್ರಾಂಕ್ ವೊರೆಲ್. ನೋಟು ತಿರುಗಿಸಿ ಹಿಂಬದಿಯ ಮೈದಾನ ತೋರಿಸಿದರು. "ಬನ್ನಿ, ಇಲ್ಲಿಗೇ ಹೋಗೋಣ."

ಅದು ಕೇವ್ ಹಿಲ್‌ನಲ್ಲಿ, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ತ್ರೀ ಡಬ್ಲ್ಯೂಸ್ ಓವಲ್ ಎಂದು ಹೆಸರು. ಇಂಗ್ಲಿಷಿನ W ಅಕ್ಷರದಿಂದ ಹೆಸರು ಶುರುವಾಗುವ ವೆಸ್ಟ್ ಇಂಡೀಸ್ ಬ್ಯಾಟ್ಸ್‌ಮನ್‌ಗಳಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಕೆನ್ಸಿಂಗ್ಟನ್ ಓವಲ್ ಸುತ್ತಮುತ್ತಲೇ, ಹದಿನೆಂಟು ತಿಂಗಳ ಒಳಗೆ ಹುಟ್ಟಿದವರು. ಮೂವರನ್ನೂ ಎತ್ತಿಕೊಂಡ ಸೂಲಗಿತ್ತಿ ಒಬ್ಬಳೇ ಎಂಬ ಮಾತೂ ಊರಿನಲ್ಲಿದೆ. ಮೈದಾನದ ಮೇಲಿನ ದಿಬ್ಬದಲ್ಲಿ ಮೂವರ ಸಮಾಧಿಯೂ ಇದೆ. ವೊರೆಲ್ 1967ರಲ್ಲಿ, ವಾಲ್ಕಾಟ್ 2006ರಲ್ಲಿ ತೀರಿಕೊಂಡರು. ಕೊನೆಗೆ 2020ರಲ್ಲಿ ವೀಕ್ಸ್ ತಮ್ಮ 95ನೆಯ ವಯಸ್ಸಿನಲ್ಲಿ ಹೋಗಿ ಗೆಳೆಯರ ಪಕ್ಕ ಮಲಗಿದರು.

ಅಲ್ಲಿ ನಿಂತಾಗ ನನಗೆ ಅಪ್ಪ ಹೇಳುತ್ತಿದ್ದ ಕಥೆ ನೆನಪಾಯಿತು. ತಿಪಟೂರಿನ ನಮ್ಮ ಮನೆಯಲ್ಲಿ ಕ್ರಿಕೆಟ್ ಎಂದರೆ ರೇಡಿಯೊ, ರೇಡಿಯೊ ಎಂದರೆ ಅಪ್ಪ. ಹುಡುಗರನ್ನು ಹುಲ್ಲಿನ ಮೇಲೆ ಕೂರಿಸಿ ನಾನೇ ಹೇಳಿದೆ. 1962ರ ಮಾರ್ಚ್. ಭಾರತ ಇದೇ ಊರಿನಲ್ಲಿ ಬಾರ್ಬಡೋಸ್ ತಂಡದ ಮೇಲೆ ಆಡುತ್ತಿದೆ. ನಾಯಕ ನರಿ ಕಾಂಟ್ರಾಕ್ಟರ್, ವಯಸ್ಸು 28. ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಅವರ ಬಲಗಿವಿಯ ಮೇಲ್ಭಾಗಕ್ಕೆ ಬಡಿಯಿತು. ಆಗ ಹೆಲ್ಮೆಟ್ ಎಂಬುದೇ ಇರಲಿಲ್ಲ. ತಲೆಬುರುಡೆ ಒಡೆದಿತ್ತು. ತುರ್ತು ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಭಾರತ ತಂಡದ ಬೋರ್ಡೆ, ನಾಡಕರ್ಣಿ, ಉಮ್ರಿಗರ್ ಕೊಟ್ಟರು. ಅವರ ಜೊತೆ ತೋಳು ಚಾಚಿದವರು ಆ ಸರಣಿಯಲ್ಲಿ ಎದುರಾಳಿ ವೆಸ್ಟ್ ಇಂಡೀಸ್ ತಂಡದ ನಾಯಕರಾಗಿದ್ದ ವೊರೆಲ್.

ಆರಂಭಿಕನಾಗಿ ಆಡುವ ನಮ್ಮ ಹುಡುಗನೊಬ್ಬ ತನಗೆ ತಿಳಿಯದೆಯೇ ಅಂಗೈಯನ್ನು ಬಲಗಿವಿಯ ಮೇಲೆ ಇಟ್ಟುಕೊಂಡಿದ್ದ. ಕಥೆ ಮುಗಿಯುವವರೆಗೂ ಕೆಳಗಿಳಿಸಲಿಲ್ಲ. ಇನ್ನೊಬ್ಬ ಕೇಳಿದ: "ಬದುಕಿದರಾ?" ಬದುಕಿದರು. ಮತ್ತೆ ಟೆಸ್ಟ್ ಆಡಲಾಗಲಿಲ್ಲ. ಮುಂದಿನ ಟೆಸ್ಟಿಗೆ 21ರ ಪಟೌಡಿ ನಾಯಕರಾದರು. ಸರಣಿಯನ್ನು ನಾವು 5-0 ಸೋತೆವು. ವೊರೆಲ್ ಆಮೇಲೆ ಐದೇ ವರ್ಷ ಬದುಕಿದರು. ಅವರನ್ನು ತೆಗೆದುಕೊಂಡು ಹೋದದ್ದು ರಕ್ತದ ಕ್ಯಾನ್ಸರ್. ಆಗ ಅವರಿಗೆ 42. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಚಾಲಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮಧ್ಯಾಹ್ನ ಅವರೇ ಪರಿಚಯದ ಒಂದು ಸಣ್ಣ ಹೋಟೆಲಿಗೆ ಕರೆದೊಯ್ದರು. ಆ ನಾಡಿನ ಹೆಸರಾಂತ ಊಟ ಕೂಕೂ ಮತ್ತು ಹಾರುಮೀನು. ಮೀನು ತಿನ್ನದ ನನಗೆ ಬರೀ ಕೂಕೂ. ಅಡುಗೆಮನೆಯೊಳಗೆ ಇಣುಕಿ ನೋಡಿದರೆ, ನನ್ನ ಅಜ್ಜಿಯ ಒಲೆಯ ಮುಂದೆ ನಿಂತ ಹಾಗಾಯಿತು. ಬೆಂಡೆಕಾಯಿ ಬೇಯಿಸಿದ ನೀರು ಕುದಿಯುತ್ತಿದೆ. ಅದಕ್ಕೆ ಜೋಳದ ಹಿಟ್ಟು (ನಮ್ಮ ಮುಸುಕಿನ ಜೋಳದ್ದು) ಬೀಳುತ್ತಿದೆ. ಅಡುಗೆಯಾಕೆ ಚಪ್ಪಟೆ ಮರದ ಕೋಲಿನಿಂದ ಗಂಟಾಗದ ಹಾಗೆ ತಿರುವುತ್ತಲೇ ಇದ್ದಾಳೆ. ಆಮೇಲೆ ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ, ಕುಲುಕಿ ದುಂಡಗೆ ಮಾಡಿ ತಟ್ಟೆಗೆ ಬೋರಲು ಹಾಕಿದಳು. ಮುದ್ದೆಯೇ! ನಮ್ಮಲ್ಲೂ ರಾಗಿಹಿಟ್ಟನ್ನು ಹೀಗೇ ಕೋಲಿನಿಂದ ತಿರುವುತ್ತೇವೆ ಅಂದೆ. ಆಕೆ ಕೋಲನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಇಂಗ್ಲೆಂಡಿಗೆ ಬಂದ ಮೇಲೆ ಅಷ್ಟು ದೊಡ್ಡ ಪಾತ್ರೆಯಲ್ಲಿ ನಾನು ಹಿಟ್ಟು ತಿರುವಿರಲಿಲ್ಲ. ಸಂಜೆಯವರೆಗೂ ರಟ್ಟೆ ನೋಯುತ್ತಿತ್ತು.

ಸಂಜೆ ಹುಡುಗರು ಬೀದಿಯಲ್ಲಿ ರೋಡ್ ಟೆನಿಸ್ ಕಲಿತರು. ಇದು ಬಾರ್ಬಡೋಸಿನಲ್ಲೇ ಹುಟ್ಟಿದ ಆಟ. ರಸ್ತೆಯ ಮೇಲೆ ಗೆರೆ, ಬಲೆಯ ಬದಲು ಗೇಣೆತ್ತರದ ಹಲಗೆ, ಮರದ ಬ್ಯಾಟು, ಜುಂಗು ಕಿತ್ತ ಟೆನಿಸ್ ಚೆಂಡು. ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ತಂಡದ ನಾಯಕನನ್ನು ಮೂರು ಸಲ ಸೋಲಿಸಿದಳು.

ಮೊದಲಿನ ಟೆಸ್ಟ್ ಪಂದ್ಯಗಳಲ್ಲಿ ನಡುವೆ ಒಂದು ವಿರಾಮದ ದಿನ ಇರುತ್ತಿತ್ತು. ಈಗ ಅದಿಲ್ಲ. ನಮ್ಮ ಮಕ್ಕಳ ವಾರಗಳಲ್ಲೂ ಇಲ್ಲ. ಶನಿವಾರ ಬೆಳಿಗ್ಗೆ ಗಣಿತ, ಮಧ್ಯಾಹ್ನ ಸಂಘದ ಕನ್ನಡ ಕಲಿ ತರಗತಿ, ಭಾನುವಾರ ಕ್ರಿಕೆಟ್, ಸಂಜೆ ಸಂಗೀತ. ಹೀಗೆ ತುಂಬಿಸಿದವರಲ್ಲಿ ನಾನೂ ಇದ್ದೇನೆ. ಕಡಲಾಮೆಯ ದೋಣಿ ಹೊರಟಿದ್ದರೆ ಆ ದಿನವೂ ಗಂಟೆ ಗಂಟೆಗೆ ತುಂಬಿಹೋಗುತ್ತಿತ್ತು. ಆದ್ದರಿಂದ ನಮ್ಮ ಕನ್ನಡ ಸಂಘದ ಸಮಿತಿಯ ಮುಂದೆ ಒಂದು ಕೋರಿಕೆ ಇಟ್ಟಿದ್ದೇನೆ: ತಿಂಗಳಿಗೊಂದು ಶನಿವಾರ ಸಂಘದ ಯಾವ ತರಗತಿಯೂ ಬೇಡ. ಅದಕ್ಕೆ ಬದಲಿ ಕಾರ್ಯಕ್ರಮವೂ ಬೇಡ.

ಎರಡನೆಯ ಕೋರಿಕೆ ನಿಮ್ಮಲ್ಲಿ. ಬಂಗಾಳದ ಕ್ರಿಕೆಟ್ ಸಂಸ್ಥೆ 1981ರಿಂದ ಪ್ರತಿ ವರ್ಷ ಫೆಬ್ರವರಿ 3ರಂದು ವೊರೆಲ್ ಹೆಸರಿನಲ್ಲಿ ರಕ್ತದಾನ ನಡೆಸುತ್ತಿದೆ. ಕೋಲ್ಕತ್ತಾದವರು ಇಷ್ಟು ವರ್ಷ ನೆನೆದದ್ದನ್ನು ಇಂಗ್ಲೆಂಡಿನಲ್ಲಿರುವ ನಾವೂ ನೆನೆಯಬಹುದು. ಬಿ ಗುಂಪಿನ ರಕ್ತ ಇಲ್ಲಿನ ಬಿಳಿಯರಿಗಿಂತ ನಮ್ಮ ಭಾರತದ ಕಡೆಯವರಲ್ಲಿ ಹೆಚ್ಚು, ಆದರೆ ಕೊಡಲು ಹೋಗುವ ನಮ್ಮವರು ಕಡಿಮೆ. ಸಂಘದ ಬೇಸಿಗೆ ಪಂದ್ಯಾವಳಿಯ ಹಿಂದಿನ ವಾರ ಒಟ್ಟಿಗೆ ಸಮಯ ಗೊತ್ತುಮಾಡಿಕೊಂಡು ರಕ್ತದಾನ ಕೇಂದ್ರಕ್ಕೆ ಹೋಗೋಣ. ಉಷ್ಣವಲಯದ ದೇಶಗಳಿಂದ ಬಂದವರು ಸ್ವಲ್ಪ ಕಾಲ ಕಾಯಬೇಕು, ಊರಿಗೆ ಹೋಗಿ ಬಂದವರು ಮೊದಲೇ ವಿಚಾರಿಸಿಕೊಳ್ಳಿ. ನಾನೂ ಕಾಯುತ್ತಿದ್ದೇನೆ.

ಮಗನಿಗೆ ಇನ್ನೂ ಹದಿನಾಲ್ಕು. ಕೊಡಲು ಹದಿನೇಳು ತುಂಬಬೇಕು. ಹಾಗಾಗಿ ಹೆಸರು ಬರೆದುಕೊಳ್ಳುವ ಕೆಲಸ ಅವನು ವಹಿಸಿಕೊಂಡಿದ್ದಾನೆ. ಹೊಸ ಸ್ಕೋರ್ ಪುಸ್ತಕದ ಮೊದಲ ಪುಟವನ್ನು ಅದಕ್ಕೇ ಬಿಟ್ಟಿದ್ದಾನೆ. ಮುಂದಿನ ಭಾನುವಾರ ಅಭ್ಯಾಸದ ಹೊತ್ತಿಗೆ ಮೈದಾನದಲ್ಲಿ ಸಿಗುತ್ತಾನೆ.