21 ದಿನಕ್ಕೆ ಗಂಡಸು ಬದಲಾಗುತ್ತಾನಾ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಮಡಿಕೇರಿ ಕಡೆ ಈಗ ಯಾವ ಹಾಲ್ ನೋಡಿದರೂ ವ್ಯಕ್ತಿತ್ವ ವಿಕಸನ ಶಿಬಿರ. ಬರುವ ಭಾಷಣಕಾರರು ಒಂದು ಮಾತನ್ನಂತೂ ತಪ್ಪದೆ ಹೇಳುತ್ತಾರೆ. ಯಾವುದೇ ಕೆಲಸವನ್ನು 21 ದಿನ ಬಿಡದೆ ಮಾಡಿ, ಅದು ಅಭ್ಯಾಸ ಆಗಿಬಿಡುತ್ತದೆ, ನೀವು ಬೇರೆಯೇ ಮನುಷ್ಯ ಆಗುತ್ತೀರಿ. ಹುಡುಗರು ಪಾಪ ಬರೆದುಕೊಳ್ಳುತ್ತಾರೆ. ಇಪ್ಪತ್ತೆರಡನೇ ದಿನ ಬೆಳಗ್ಗೆ ಏಳಲು ಆಗದಿದ್ದರೆ ತಮ್ಮಲ್ಲೇ ಏನೋ ಐಬು ಇದೆ ಅಂದುಕೊಂಡು ಕೈಬಿಡುತ್ತಾರೆ.

ಈ 21ರ ಲೆಕ್ಕ ಹುಟ್ಟಿದ್ದು ಆಪರೇಷನ್ ಮಾಡುವ ಕಡೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದಿದ್ದರು, ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂತ. ಅದು ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಕ್ಕೂ ಅಂಟಿಕೊಂಡಿತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹಿಡಿದು ನಿಜವಾಗಿ ಲೆಕ್ಕ ಹಾಕಿ ನೋಡಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ಓಡುವುದು, ಇಂಥ ಸಣ್ಣ ಸಣ್ಣ ಕೆಲಸಗಳೇ. ಸರಾಸರಿ ಬಂದಿದ್ದು 66 ದಿನ. ಕೆಲವರಿಗೆ 18 ದಿನ ಸಾಕಾಗುತ್ತದೆ, ಕೆಲವರಿಗೆ 254 ದಿನ ಬೇಕಾಗುತ್ತದೆ ಅಂತ ಲೆಕ್ಕ ಹೇಳಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಅಂತಲೂ ಕಂಡುಬಂತು. ಇಷ್ಟು ಒಳ್ಳೆ ಸಮಾಧಾನದ ಮಾತನ್ನು ಶಿಬಿರದಲ್ಲಿ ಯಾಕೆ ಹೇಳುವುದಿಲ್ಲವೋ.

ಆದರೆ ನನ್ನ ತಕರಾರು ಬರೀ ದಿನದ ಲೆಕ್ಕದ ಮೇಲಲ್ಲ. ಅಲ್ಲಿ ಕೊಡುವ ಪಟ್ಟಿ ನೋಡಿ. ಐದಕ್ಕೆ ಏಳಬೇಕು, ತಣ್ಣೀರು ಸ್ನಾನ, ಡೈರಿ, ಗುರಿ. ಎಲ್ಲವೂ ತನಗೇ ಆಯ್ತು, ಅಲ್ವಾ? ಅವನ ಜೊತೆ ಬಾಳುವವರಿಗೆ, ಅವನ ಹತ್ತಿರ ದುಡಿಯುವವರಿಗೆ ಅದರಿಂದ ಏನು ಸಿಕ್ಕಿತು? ಒಬ್ಬ ಗಂಡಸು ಸುಧಾರಿಸಿದ್ದಾನಾ ಅಂತ ಕೇಳುವುದಿದ್ದರೆ ಅವರನ್ನೇ ಕೇಳಬೇಕು.

ನಮ್ಮ ಪಕ್ಕದ ತೋಟದ ಸಾಹುಕಾರರೊಬ್ಬರಿದ್ದಾರೆ, ಯಾವ ಶಿಬಿರಕ್ಕೂ ಹೋದವರಲ್ಲ. ಮಡಿಕೇರಿ ಸಂತೆ ಶುಕ್ರವಾರ, ಹಾಗಾಗಿ ಅವರ ತೋಟದ ಕೂಲಿ ಬಟವಾಡೆ ಗುರುವಾರ ಸಂಜೆ. ಕಾಫಿ ಕಣದ ಮೂಲೆಯಲ್ಲಿ ಮೇಜು ಹಾಕಿಸಿ, ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕ, ಇಟ್ಟುಕೊಂಡು ಕೂರುತ್ತಾರೆ. ಕುಯ್ಲಿನ ಸಮಯದಲ್ಲಿ ಕೂಲಿ ಕೆ.ಜಿ. ಲೆಕ್ಕದಲ್ಲಿ ಅಲ್ವಾ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, 'ಅಕ್ಕ, ಸೋಮವಾರ ಇಷ್ಟು ಕೆ.ಜಿ., ಮಂಗಳವಾರ ಇಷ್ಟು, ಸರಿ ಇದೆಯಾ?' ಅಂತ ಓದಿ ಹೇಳಿ, ಆಕೆ ಹೂಂ ಅಂದ ಮೇಲೇ ದುಡ್ಡು ಎಣಿಸುತ್ತಾರೆ. ಇಲ್ಲ ಅಂದರೆ ತೂಕದ ಚೀಟಿ ತೆಗೆಸಿ ನೋಡುತ್ತಾರೆ. ಮನೆಗೆ ನೆಂಟರು ಬಂದಿರಲಿ, ಮಳೆ ಬರಲಿ, ಗುರುವಾರ ಅಂದರೆ ಗುರುವಾರವೇ. ಅದೇನು ದೊಡ್ಡ ವಿಷಯ ಅನ್ನಬೇಡಿ. ಬಟವಾಡೆ ಶನಿವಾರಕ್ಕೆ ಹೋದರೆ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು ಆ ವಾರ ಸಂತೆ ಬಿಟ್ಟು ಅಂಗಡಿಯಲ್ಲಿ ಸಾಲ ಬರೆಸಿ, ಜಾಸ್ತಿ ರೇಟಿಗೆ ಅಕ್ಕಿ ತರಬೇಕು. ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಹೊಸ ಜೀಪು ತಂದು, ಬಟವಾಡೆ ಮಾತ್ರ 'ನೋಡೋಣ, ನಾಳೆ' ಅನ್ನುವವರನ್ನೂ ನೋಡಿದ್ದೇವೆ. ಅವರೂ ಬೆಳಗ್ಗೆ ಐದಕ್ಕೇ ಏಳುತ್ತಾರೆ.

ಇನ್ನು ಕುಡಿತದ ವಿಚಾರ. ಕೊಡಗಿನಲ್ಲಿ ಕುಳಿತು ಕುಡಿಯಲೇಬೇಡಿ ಅಂತ ಬರೆದರೆ ನಗುತ್ತಾರೆ, ಇಲ್ಲಿ ಹಿರಿಯರಿಗೆ ಎಡೆ ಇಡುವಾಗಲೂ ಮದ್ಯ ಇರುತ್ತದೆ. ಆದರೆ ಮದುವೆ ಮನೆಯಲ್ಲಿ ಸಾಕು ಅಂದವನ ಗ್ಲಾಸಿಗೆ ಮತ್ತೆ ಸುರಿಯುತ್ತಾರಲ್ಲ, 'ಏನೋ, ಗಂಡಸಲ್ವಾ ನೀನು' ಅಂತ, ಆ ಚಾಳಿ ಬಿಡಬಹುದು. ಹಾಗೆ ಕುಡಿಸಿದವನೇ ರಾತ್ರಿ ಆ ತಿರುವಿನ ರಸ್ತೆಯಲ್ಲಿ ಗಾಡಿ ಹತ್ತಿಸಿ ಕಳಿಸುತ್ತಾನೆ. ಗಾಡಿ ಕೀ ತೆಗೆದಿಟ್ಟುಕೊಂಡು, ಬೆಳಗ್ಗೆ ಹೋಗು ಮಾರಾಯ ಅಂತ ಚಾಪೆ ಹಾಸಿಕೊಟ್ಟರೆ ಅದು ಆತಿಥ್ಯ. ಮನೆಯಲ್ಲಿ ಉಂಡ ತಟ್ಟೆ ಎತ್ತಿಡುವುದಂತೂ ಹೇಳಿಸಿಕೊಳ್ಳುವ ವಿಷಯವೇ ಅಲ್ಲ. ಆದರೂ ಎಷ್ಟು ಮನೆಯಲ್ಲಿ ನಡೆಯುತ್ತಿದೆ?

ಶಿಬಿರದ ವೇದಿಕೆ ಮೇಲೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಫೋಟೋ ಇರುತ್ತದೆ, ಅವರ ಶಿಸ್ತಿನ ಬಗ್ಗೆ ಭಾಷಣವೂ ಇರುತ್ತದೆ. 1965ರ ಯುದ್ಧದಲ್ಲಿ ಏರ್‌ಫೋರ್ಸ್‌ನಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಇವರ ಕೈಕೆಳಗೆ ಇದ್ದವರು. ಮಗನನ್ನು ಬಿಡುವ ಮಾತು ಬಂದಾಗ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನಿಗೊಂದು ಬೇರೆ ಲೆಕ್ಕ ಬೇಡ ಅಂದರು ಎಂದು ಊರೆಲ್ಲ ಹೇಳುತ್ತದೆ. ಈ ಕಥೆ ಹೇಳುವ ನಮ್ಮ ಸಭೆಗಳು ಮಾತ್ರ ಹತ್ತಕ್ಕೆ ಅಂತ ಕರೆದು ಹನ್ನೊಂದೂವರೆಗೆ ಶುರುವಾಗುತ್ತವೆ, ಮುಖ್ಯ ಅತಿಥಿ ಬಂದಿಲ್ಲ ಅಂತ. ಸಮಯಕ್ಕೆ ಬಂದವರು ಸುಮ್ನೆ ಕೂತು ಕಾಯಬೇಕು.

ಅದಕ್ಕೇ ಪತ್ರಿಕೆಯವರಲ್ಲಿ ಒಂದು ಕೋರಿಕೆ. ಇನ್ನು ಮುಂದೆ ಇಂಥ ಕಾರ್ಯಕ್ರಮದ ವರದಿ ಹಾಕುವಾಗ ಆಮಂತ್ರಣದಲ್ಲಿದ್ದ ಸಮಯ, ನಿಜವಾಗಿ ಶುರುವಾದ ಸಮಯ, ಎರಡನ್ನೂ ಹಾಕಿ. ಬೇಕಾದರೆ ಭಾಷಣದ ಎರಡು ಸಾಲು ಕಡಿಮೆ ಮಾಡಿ.

— ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು