ಟಿವಿಯ ಮೊದಲ ಪರದೆಯಲ್ಲಿ ಚಂದನಕ್ಕೂ ಜಾಗ ಬೇಕು

ಮಾನ್ಯರೇ,

ಕೇಬಲ್ ಟಿವಿಯ ಕಾಲ ಮುಗಿಯಿತೆಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಲಗ್ಗೆರೆಯಲ್ಲಿ ಕೇಬಲ್ ನಡೆಸುವ ನನಗೂ ಅದರಲ್ಲಿ ತಕರಾರಿಲ್ಲ. ಸೆಟ್ ಟಾಪ್ ಬಾಕ್ಸ್ ವಾಪಸ್ ಕೊಟ್ಟ ಎಷ್ಟೋ ಮನೆಯವರು ಈಗ ಇಂಟರ್‌ನೆಟ್ ತಗೊಂಡಿರುವುದು ನನ್ನಿಂದಲೇ. ಹಳೆಯ ಕೋ-ಆಕ್ಸ್ ವೈರು ಬಿಚ್ಚಿದ ಹುಡುಗರೇ ಫೈಬರ್ ಎಳೆಯುತ್ತಿದ್ದಾರೆ. ಆದ್ದರಿಂದ ಇದನ್ನು ಹೊಟ್ಟೆಪಾಡಿನ ಗೋಳು ಎಂದುಕೊಳ್ಳಬೇಡಿ. (ಗೋಳೂ ಇದೆ. ಅದು ಇನ್ನೊಂದು ಪತ್ರದ ಮಾತು.)

ನನ್ನ ತಲೆಬಿಸಿ ದೂರದರ್ಶನದ ಕನ್ನಡ ಚಾನೆಲ್ ಚಂದನದ ಬಗ್ಗೆ.

ಬೆಂಗಳೂರಿನಲ್ಲಿ 2013ರಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಅದಕ್ಕೆ ಮೊದಲು ನಮ್ಮ ದಂಧೆಯಲ್ಲಿ ದೊಡ್ಡ ಜಗಳವೆಲ್ಲ ‘ಪ್ರೈಮ್ ಬ್ಯಾಂಡ್’ಗಾಗಿ, ಅಂದರೆ ಕೆಳಗಿನ ಫ್ರೀಕ್ವೆನ್ಸಿಯ ಜಾಗಕ್ಕಾಗಿ. ವೈರಿನಲ್ಲಿ ಸಿಗ್ನಲ್ ದೂರ ಹೋದಷ್ಟೂ ಮೇಲಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಸೊರಗುತ್ತವೆ. ಲೈನಿನ ಕೊನೆಯ ಮನೆಯಲ್ಲಿ ಅವು ಬರೀ ಚುಕ್ಕಿ ಚುಕ್ಕಿ. ಕೆಳಗಿನವು ಸ್ವಚ್ಛ. ಹಳೆಯ ಸೆಟ್ಟುಗಳಲ್ಲಂತೂ ಕೆಳಗಿನ ಕೆಲವೇ ಚಾನೆಲ್ ಸಿಗುತ್ತಿದ್ದವು. ಹಾಗಾಗಿ ಆ ಜಾಗಕ್ಕೆ ಚಾನೆಲ್ ಕಂಪನಿಗಳು ಕ್ಯಾರೇಜ್ ಫೀ (ತಮ್ಮ ಚಾನೆಲ್ ತೋರಿಸಲು ಕೇಬಲ್‌ನವರಿಗೆ ಕೊಡುವ ದುಡ್ಡು) ಸುರಿಯುತ್ತಿದ್ದವು. ದುಡ್ಡಿದ್ದವನೇ ಮುಂದೆ. ಆದರೆ 1995ರ ಕೇಬಲ್ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದ ಸರ್ಕಾರ ಒಂದು ಕಟ್ಟು ಹಾಕಿತು: ದೂರದರ್ಶನದ ಎರಡು ಚಾನೆಲ್ ಮತ್ತು ರಾಜ್ಯದ ಭಾಷೆಯ ಒಂದು ಚಾನೆಲ್ ಪ್ರೈಮ್ ಬ್ಯಾಂಡಿನಲ್ಲೇ ಇರಬೇಕು. ಬಿಟ್ಟರೆ ನಮ್ಮ ಆಂಪ್ಲಿಫೈಯರ್ ಸಮೇತ ಎತ್ತಿಕೊಂಡು ಹೋಗುವ ಅಧಿಕಾರ ಅಧಿಕಾರಿಗಳಿಗಿತ್ತು. ಆಗ ಗೊಣಗಿದವರಲ್ಲಿ ನಾನೂ ಒಬ್ಬ. ದೂರದರ್ಶನದ ಚಾನೆಲ್ ಕೊಡಲೇಬೇಕೆಂಬ ನಿಯಮ ಕೇಬಲ್‌ಗೆ ಇವತ್ತಿಗೂ ಇದೆ.

ಈಗಿನ ಪ್ರೈಮ್ ಬ್ಯಾಂಡ್ ಎಂದರೆ ಸ್ಮಾರ್ಟ್ ಟಿವಿ ಹಾಕಿದ ಕೂಡಲೇ ಕಾಣುವ ಮೊದಲ ಪರದೆ. ಅಲ್ಲಿ ಯಾವ ಆ್ಯಪ್ ಮುಂದಿರಬೇಕು, ರಿಮೋಟಿನಲ್ಲಿ ಯಾರ ಹೆಸರಿನ ಬಟನ್ ಇರಬೇಕು ಎಂಬುದಕ್ಕೆ ಈಗಲೂ ದುಡ್ಡು ಓಡಾಡುತ್ತದೆ. ಹಳೆಯ ಕಟ್ಟು ಮಾತ್ರ ಇಲ್ಲಿಗೆ ಬಂದಿಲ್ಲ.

ನಮ್ಮ ಏರಿಯಾದಲ್ಲಿ ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ರಾತ್ರಿ ಚಂದನದ ‘ಥಟ್ ಅಂತ ಹೇಳಿ’ ಕ್ವಿಜ್ ನೋಡಿ, ಉತ್ತರವನ್ನು ಎಲ್ಲರಿಗಿಂತ ಮೊದಲು ತಾವೇ ಕೂಗಿ ಮಲಗುವವರು. ಮಗ ಸ್ಮಾರ್ಟ್ ಟಿವಿ ತಂದ, ಕೇಬಲ್ ತೆಗೆಸಿದ. ವೈಫೈ ಕೆಡಿಸಿಕೊಂಡಿದ್ದಾರೆಂದು ಹೋದರೆ ಅವರು ಕೇಳಿದ್ದು, ‘‘ಚಂದನ ಎಲ್ಲಪ್ಪಾ ಹೋಯ್ತು?’’ ದೂರದರ್ಶನ ನಡೆಸುವ ಪ್ರಸಾರ ಭಾರತಿಯದ್ದೇ ‘ವೇವ್ಸ್’ ಆ್ಯಪ್ 2024ರ ನವೆಂಬರಿನಲ್ಲಿ ಬಂದಿದೆ, ಅದನ್ನು ಹಾಕಿಕೊಡೋಣವೆಂದರೆ ಟಿವಿ ಜಿಮೇಲ್ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದ ಮಗ ಸೆಕೆಂಡ್ ಶಿಫ್ಟಿನಲ್ಲಿದ್ದ. ಯೂಟ್ಯೂಬಿನಲ್ಲಿ ಹುಡುಕೋಣವೆಂದರೆ ಬಾಣದ ಬಟನ್ ಒತ್ತಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಬೇಕು. ಕೇಬಲ್ ರಿಮೋಟಿನಲ್ಲಿ ಮೂರು ಅಂಕಿ ಒತ್ತಿದರೆ ಸಾಕಿತ್ತು. ಇದರಲ್ಲಿ ಅಂಕಿಗಳೇ ಇಲ್ಲ.

ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಲಿ, ತಿಂಗಳ ದುಡ್ಡೂ ಇಲ್ಲ ಎನ್ನುವವರಿದ್ದಾರೆ. ಸರಿಯೇ. ಆದರೆ ಮೊದಲ ಮಹಡಿಯ ಬಾಡಿಗೆದಾರನಿಗೆ ಟೆರೇಸಿನಲ್ಲಿ ಡಿಶ್ ಇಡಲು ಓನರ್ ಬಿಡಬೇಕಲ್ಲ!

ಖಾಸಗಿ ಚಾನೆಲ್‌ಗಳ ಚಿಂತೆ ನನಗಿಲ್ಲ. ಧಾರಾವಾಹಿ ಮಾಡುವವರಿಗೆ ತಮ್ಮದೇ ಆ್ಯಪ್ ಇವೆ, ಅವರು ಬದುಕಿಕೊಳ್ಳುತ್ತಾರೆ. ರೈತರಿಗೆ, ಮಕ್ಕಳ ಪಾಠಕ್ಕೆ, ಗಮಕಕ್ಕೆ ಹೊತ್ತು ಕೊಡುವ ಚಾನೆಲ್ಲಿಗೆ ಮೊದಲ ಪರದೆಯ ಜಾಗ ಕೊಳ್ಳುವ ದುಡ್ಡು ಎಲ್ಲಿಂದ ಬರಬೇಕು?

ಬ್ರಿಟನ್ನಿನಲ್ಲಿ 2024ರಲ್ಲಿ ಇದಕ್ಕೆಂದೇ ಕಾನೂನು ಮಾಡಿದ್ದಾರೆ. ಬಿಬಿಸಿಯಂಥ ಸಾರ್ವಜನಿಕ ಪ್ರಸಾರಕರ ಆ್ಯಪ್ ಸ್ಮಾರ್ಟ್ ಟಿವಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳಬೇಕು ಎನ್ನುತ್ತದೆ ಅದು. ನಮ್ಮಲ್ಲಿ ಪ್ರಸಾರದ ವಿಷಯ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ, ನಿಜ. ಆದರೆ ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದ ರಾಜ್ಯ ಸರ್ಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ನಮ್ಮ ಸಂಸದರು ದೆಹಲಿಗೆ ಒಂದು ಒತ್ತಾಯ ಕಳಿಸಬಹುದಲ್ಲವೇ? ಕರ್ನಾಟಕದಲ್ಲಿ ಮಾರುವ ಪ್ರತಿ ಸ್ಮಾರ್ಟ್ ಟಿವಿಯ ಮೊದಲ ಪರದೆಯಲ್ಲಿ, ಜಿಮೇಲ್ ಕೇಳದೆ ತೆರೆಯುವಂತೆ ಚಂದನ ಇರಲಿ. ನಮ್ಮಂಥ ಸಣ್ಣ ಕೇಬಲ್‌ನವರ ಮೇಲೆ ಕಾಯ್ದೆ ಹೇರಲು ಸಾಧ್ಯವಾಗಿದ್ದರೆ, ಟಿವಿ ಕಂಪನಿಗಳ ಮೇಲೆ ಹೇರಲು ಏನಡ್ಡಿ?

– ಒಬ್ಬ ಕೇಬಲ್ ಆಪರೇಟರ್, ಲಗ್ಗೆರೆ, ಬೆಂಗಳೂರು